ಓದುಗರ ಸ್ಪಂದನ: ಅಣ್ಣನ ಮೇಲಿನ ಸಿಟ್ಟು

ಕಳೆದ ಸಂಚಿಕೆಯಲ್ಲಿ ಮಂಗಳೂರು ಕಡೆಯ ಸಹೋದರಿಯೊಬ್ಬರು ಬರೆದಿದ್ದರು. ಅಪ್ಪ ತೀರಿಕೊಂಡ ಮೇಲೆ ಅಣ್ಣ ಮನೆ, ತೋಟ ಎರಡನ್ನೂ ತನ್ನ ಹೆಸರಿಗೆ ಮಾಡಿಕೊಂಡರು. ‘ನಿನ್ನ ಮದುವೆಗೆ ಕೊಟ್ಟಾಯ್ತಲ್ಲ’ ಅಂದರು. ನಾಲ್ಕು ವರ್ಷದಿಂದ ಮಾತಿಲ್ಲ. ಚರ್ಚಿನ ಪೂಜೆಯಲ್ಲಿ ಕರ್ತರ ಪ್ರಾರ್ಥನೆ ಹೇಳುವಾಗ ‘ನಾವು ಇತರರನ್ನು ಕ್ಷಮಿಸುವಂತೆ ನಮ್ಮನ್ನು ಕ್ಷಮಿಸು’ ಎಂಬ ಸಾಲು ಬಂದರೆ ಬಾಯಿ ಕಟ್ಟುತ್ತದೆ, ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಗೆ, ಪರಮಪ್ರಸಾದಕ್ಕೆ, ಎದ್ದು ಹೋಗಲು ಕಾಲು ಬರುವುದಿಲ್ಲ. ಈ ಸಿಟ್ಟು ಪಾಪವೇ ಎಂದು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ಎಷ್ಟು ಸಲ ಕ್ಷಮಿಸಬೇಕು ಎಂದು ಶಿಷ್ಯ ಪೇತ್ರ ಕೇಳಿದಾಗ ಯೇಸು ಏಳೆಪ್ಪತ್ತು ಸಲ ಎಂದರು. ತೋಟದ ವಿಷಯ ಬಿಟ್ಟು ಎನ್ನಲಿಲ್ಲ. ಆಸ್ತಿಗೋಸ್ಕರ ಪರಮಪ್ರಸಾದ ಬಿಡುವವರು ಯಾವುದು ದೊಡ್ಡದು ಎಂದು ತಮ್ಮನ್ನೇ ಕೇಳಿಕೊಳ್ಳಲಿ.
– ನಿವೃತ್ತ ಶಿಕ್ಷಕ, ಶಿವಮೊಗ್ಗ

ಸಹೋದರಿ ಕೇಳಿದ್ದು ತೋಟವನ್ನಲ್ಲ. ಆದರೂ ತೋಟದ ಬಗ್ಗೆ ತಿಳಿದವರೊಬ್ಬರು ಬರೆದಿದ್ದಾರೆ, ಅದೂ ಇರಲಿ.

ನಾನು ವಕೀಲೆ. ಅಪ್ಪ ಉಯಿಲು ಬರೆಯದೆ ತೀರಿಕೊಂಡಿದ್ದರೆ ನಮ್ಮ ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಅಮ್ಮನಿಗೆ ಮೂರರಲ್ಲಿ ಒಂದು ಪಾಲು. ಉಳಿದದ್ದು ಮಕ್ಕಳಿಗೆ ಸಮಸಮ, ಗಂಡು ಹೆಣ್ಣು ಎಂಬ ಭೇದವಿಲ್ಲ. ಮದುವೆಗೆ ಕೊಟ್ಟದ್ದನ್ನು ಆ ಪಾಲಿನಲ್ಲಿ ಕಳೆಯುವ ಹಾಗಿಲ್ಲ. ಪಾಲು ಕೇಳಿದರೆ ಕ್ಷಮಿಸಲಿಲ್ಲ ಅಂತ ಅರ್ಥ ಅಲ್ಲ. ಕಾಗದಪತ್ರ ಹಿಡಿದು ಯಾರಾದರೂ ವಕೀಲರನ್ನು ನೋಡಿ.
– ಉಡುಪಿ

ನನ್ನ ಸಿಟ್ಟು ಇದ್ದದ್ದು ಅತ್ತೆಯ ಮೇಲೆ. ಬೀಳುತ್ತಿದ್ದದ್ದು ಮಗಳ ಮೇಲೆ. ಒಂದು ದಿನ ಜಡೆ ಹಾಕುವಾಗ ಬಾಚಣಿಗೆ ಜೋರಾಗಿ ಎಳೆದೆ. ಅವಳು ಅಳಲಿಲ್ಲ. ತಲೆ ತಗ್ಗಿಸಿ, ಎರಡೂ ಕೈಯಲ್ಲಿ ಸ್ಟೂಲು ಗಟ್ಟಿಯಾಗಿ ಹಿಡಿದು ಕೂತಳು, ಅಭ್ಯಾಸ ಆಗಿಹೋದವರ ಹಾಗೆ. ಮಕ್ಕಳನ್ನು ಕೆಣಕಬೇಡಿ ಎಂದು ಬೈಬಲಿನ ಕೊಲೊಸ್ಸೆ 3:21 ಹೇಳುವುದು ಅಪ್ಪಂದಿರಿಗೆ ಅಂದುಕೊಂಡಿದ್ದೆ. ಅಕ್ಕಾ, ನಿಮ್ಮ ಮನೆಯಲ್ಲಿ ಮಕ್ಕಳಿದ್ದಾರಾ? ಒಮ್ಮೆ ಅವರ ಮುಖ ನೋಡಿ.
– ಬೆಂಗಳೂರು

ಮಾರ್ಕ 3:5 ಓದಿ. ಕೈ ಬತ್ತಿದವನನ್ನು ಸಬ್ಬತ್ ಎಂಬ ವಿಶ್ರಾಂತಿಯ ದಿನ ವಾಸಿಮಾಡಬಹುದೋ ಎಂದು ಯೇಸು ಕೇಳಿದಾಗ ಎಲ್ಲರೂ ಸುಮ್ಮನಿದ್ದರು. ಯೇಸು ಸುತ್ತಲೂ ಸಿಟ್ಟಿನಿಂದ ನೋಡಿದರು, ದುಃಖಪಟ್ಟರು. ಸಿಟ್ಟು, ದುಃಖ ಎರಡೂ ಒಂದೇ ವಚನದಲ್ಲಿವೆ. ನಿಮ್ಮ ಸಿಟ್ಟಿನೊಳಗೂ ದುಃಖವೇ ಜಾಸ್ತಿ ಇರಬಹುದು. ಅದನ್ನು ದೇವರ ಮುಂದೆ ಅತ್ತು ಹೇಳಿಕೊಳ್ಳಿ.
– ಧರ್ಮಭಗಿನಿ, ಮೈಸೂರು

‘ಕಾಣಿಕೆಯನ್ನು ಬಲಿಪೀಠದ ಮುಂದೆ ಬಿಟ್ಟು ಹೋಗಿ ಮೊದಲು ಸಮಾಧಾನ ಮಾಡಿಕೋ’ ಎಂಬ ಮತ್ತಾಯ 5ನೇ ಅಧ್ಯಾಯದ ಮಾತನ್ನು ಹಲವರು ಸಹೋದರಿಗೆ ನೆನಪಿಸಿದ್ದಾರೆ. ಅದನ್ನು ಆಚೆ ಕಡೆಯಿಂದ ಓದಿದವರ ಪತ್ರ ಇದು. ಉದ್ದವಿದೆ. ಕತ್ತರಿಸಲು ಮನಸ್ಸಾಗಲಿಲ್ಲ.

ನಾನು ಅಂಥ ಅಣ್ಣ. ಅವರ ಅಣ್ಣನಲ್ಲ, ಆದರೆ ಮಾಡಿದ್ದು ಅದನ್ನೇ. ಹಂಚಿನ ಮನೆ, ಅದರ ಹಿಂದಿನ ಸ್ವಲ್ಪ ಜಾಗ. ತಂಗಿಯ ಕೈಯಲ್ಲಿ ಸಹಿ ಹಾಕಿಸಿಕೊಂಡೆ. ಯಾತಕ್ಕೆ ಸಹಿ ಅಂತ ಸರಿಯಾಗಿ ಹೇಳಲಿಲ್ಲ. ಗೊತ್ತಾದ ಮೇಲೆ ಅವಳು ಜಗಳ ಮಾಡಲಿಲ್ಲ. ಬರುವುದನ್ನು ನಿಲ್ಲಿಸಿದಳು, ಅಷ್ಟೆ.

ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಮಾತೆ ಮರಿಯಮ್ಮನವರ ಹುಟ್ಟುಹಬ್ಬಕ್ಕೆ, ಇಗರ್ಜಿಯಲ್ಲಿ (ಚರ್ಚಿನಲ್ಲಿ) ಆಶೀರ್ವದಿಸಿದ ತೆನೆ ಕೊಡುತ್ತಾರಲ್ಲ, ಮನೆಗೆ ತಂದು ಕಾಳು ಸುಲಿದು ಹಾಲಿಗೆ ಹಾಕಿ ಎಲ್ಲರೂ ಹಂಚಿಕೊಂಡು ಕುಡಿಯುತ್ತೇವೆ. ಅಮ್ಮ ತಂಗಿಯ ಪಾಲಿನ ಒಂದು ತೆನೆಯನ್ನು ತೆಗೆದು ಮಾತೆ ಮರಿಯಮ್ಮನವರ ಪಟದ ಹಿಂದೆ ಸಿಕ್ಕಿಸಿಡುತ್ತಿದ್ದರು. ಮೂರು ವರ್ಷ, ಮೂರು ತೆನೆ. ಮೊದಲನೆಯದರ ಕಾಳೆಲ್ಲ ಉದುರಿ ಬರೀ ಕಡ್ಡಿ ಉಳಿದಿತ್ತು. ಸಂಜೆ ಜಪಸರಕ್ಕೆ ಕೂತಾಗಲೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು. ಇವಳಿಗೆಷ್ಟು ಹಟ ಅಂತ ನನಗೇ ಸಿಟ್ಟು ಬರುತ್ತಿತ್ತು.

ನಾಲ್ಕನೇ ವರ್ಷ ಬಂದಳು. ಒಳಗೆ ಬರಲಿಲ್ಲ. ಗೇಟಿನ ಹತ್ತಿರ ನಿಂತು, ಅಕ್ಕಪಕ್ಕದವರಿಗೆ ಕೇಳುವ ಹಾಗೆ, ‘ಸುಳ್ಳು ಹೇಳಿ ಸಹಿ ಹಾಕಿಸಿಕೊಂಡೆ ನೀನು’ ಎಂದು ಕೂಗಿದಳು. ಸರಳು ಹಿಡಿದ ಕೈ ನಡುಗುತ್ತಿತ್ತು. ನನಗೆ ಬಾಯಿ ಬರಲಿಲ್ಲ.

ಆ ವಾರ ಪಾಪನಿವೇದನೆಗೆ ಹೋದೆ. ತಂಗಿಗೆ ಸಿಟ್ಟು ಜಾಸ್ತಿ ಎಂದು ಅಲ್ಲೂ ಅವಳ ಮೇಲೆಯೇ ಹಾಕಿದೆ. ಫಾದರ್ ಮತ್ತಾಯನ ಆ ಕಾಣಿಕೆಯ ವಚನವನ್ನು ನನ್ನಿಂದಲೇ ಓದಿಸಿದರು. ನಿನಗೆ ಸಹೋದರನ ಮೇಲೆ ಸಿಟ್ಟಿದ್ದರೆ ಅಂತ ಅಲ್ಲಿ ಇಲ್ಲ. ನಿನ್ನ ಸಹೋದರನಿಗೆ ನಿನ್ನ ಮೇಲೆ ಏನಾದರೂ ಮನಸ್ತಾಪ ಇದ್ದರೆ ಅಂತ ಇದೆ. ಕಾಣಿಕೆ ಬಿಟ್ಟು ಎದ್ದು ಹೋಗಬೇಕಾದವನು ನಾನು. ‘ಜಪ ಆಮೇಲೆ ಹೇಳುವಿಯಂತೆ, ಮೊದಲು ಸರ್ವೆಯವರನ್ನು ಕರೆಸು’ ಎಂದರು.

ಅವಳ ಪಾಲು ಅವಳ ಹೆಸರಿಗೆ ಆಗಿ ಎರಡು ವರ್ಷವಾಯಿತು. ಮಾತು ಇನ್ನೂ ಅಷ್ಟಕ್ಕಷ್ಟೆ. ಹಬ್ಬಕ್ಕೆ ಬರುತ್ತಾಳೆ, ಹಾಲು ಕುಡಿದು ಲೋಟ ತೊಳೆದಿಟ್ಟು ಹೋಗುತ್ತಾಳೆ. ಇದಕ್ಕಿಂತ ಜಾಸ್ತಿ ಕೇಳುವ ಹಕ್ಕು ನನಗಿಲ್ಲ. ಸಹೋದರೀ, ಸಿಟ್ಟನ್ನು ನುಂಗಿಕೊಂಡು ಕೂರಬೇಡಿ. ನಿಮ್ಮ ಅಣ್ಣನಿಗೆ ಅದು ಕೇಳಿಸಲಿ.
– ಹೆಸರು ಬೇಡ, ಕುಂದಾಪುರ ತಾಲ್ಲೂಕು

*

ಎಲ್ಲ ಪತ್ರಗಳನ್ನೂ ಸಹೋದರಿಗೆ ಅಂಚೆಯಲ್ಲಿ ಕಳಿಸಿದ್ದೇವೆ. ಅಣ್ಣನ ವಿಳಾಸ ಕೊಟ್ಟರೆ ಕೊನೆಯ ಪತ್ರದ ಪ್ರತಿಯನ್ನು ಅವರಿಗೂ ಕಳಿಸುತ್ತೇವೆ. – ಸಂ.