ಅಣ್ಣಂಗೆ ಸಿಎಮ್‌ಎಲ್ (ಒಂದು ಥರದ ರಕ್ತ ಕ್ಯಾನ್ಸರ್): ಸಿಬಿಸಿ (ರಕ್ತಕಣಗಳ ಲೆಕ್ಕ) ನಾರ್ಮಲ್ ಇದೆ, ಆದ್ರೆ 6 ತಿಂಗಳ ಪಿಸಿಆರ್ 2.4% ಬಂದಿದೆ, ಏನರ್ಥ?

ಶಿಡ್ಲಘಟ್ಟ_ರೇಷ್ಮೆ:
ಎಲ್ರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟದ ಹತ್ರ ಹಳ್ಳಿ, ರೇಷ್ಮೆ ಹುಳ ಮೇಯಿಸ್ತೀವಿ. ಹೊಟ್ಟೆ ಎಡಗಡೆ ಭಾರ ಅಂತಿದ್ದ ಅಣ್ಣಂಗೆ ರಕ್ತ ಟೆಸ್ಟ್ ಮಾಡಿಸಿದ್ರೆ ಬಿಳಿಕಣ ಲಕ್ಷ ದಾಟಿತ್ತು, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋದ್ಮೇಲೆ ಸಿಎಮ್‌ಎಲ್, ಕ್ರಾನಿಕ್ ಫೇಸ್ (ಮೊದಲ ಹಂತ) ಅಂದ್ರು. ಇಮಾಟಿನಿಬ್ ಮಾತ್ರೆ 400 ಎಂಜಿ ದಿನಕ್ಕೊಂದು. ಈಗ ಸಿಬಿಸಿ ಪೂರ್ತಿ ನಾರ್ಮಲ್, ಸ್ಪ್ಲೀನೂ (ಗುಲ್ಮ) ಇಳಿದಿದೆ, ಆಳು ಗಟ್ಟಿಯಾಗಿದ್ದಾನೆ. ಆದ್ರೆ ಕಾಯಿಲೆಯ ಜೀನ್ ಎಷ್ಟಿದೆ ಅಂತ ಅಳೆಯೋ ಬಿಸಿಆರ್-ಎಬಿಎಲ್ ಪಿಸಿಆರ್ ಟೆಸ್ಟ್ 3 ತಿಂಗಳಿಗೆ 8%, 6 ತಿಂಗಳಿಗೆ 2.4%. ಡಾಕ್ಟ್ರು ಇನ್ನೂ ಇಳೀಬೇಕಿತ್ತು ಅಂದ್ರು, ಅಲ್ಲಿ ರಶ್ಶು, ಜಾಸ್ತಿ ಕೇಳಕ್ಕಾಗ್ಲಿಲ್ಲ. ಚೆನ್ನಾಗಿದ್ದಾನಲ್ಲ ಈ ದುಬಾರಿ ಟೆಸ್ಟ್ ಯಾಕೆ ಅಂತ ಮನೇಲಿ ಮಾತು. ಅತ್ತಿಗೆ ಕೇಳೋದು ಒಂದೇ, ಎಷ್ಟು ವರ್ಷ ಇರ್ತಾರೆ ಅಂತ. ತಿಳಿದೋರು ಹೇಳಿ.

ಗೌರಿಬಿದನೂರಿನವ:
ಅತ್ತಿಗೆಗೆ ಧೈರ್ಯ ಹೇಳಿ ತಮ್ಮಾ. ನಾನೂ ಇದೇ ಮಾತ್ರೆ ಮೇಲೆ ಇರೋನು, ಮಗಳ ಮದುವೇನೂ ಮಾಡಿದೀನಿ. ಇಮಾಟಿನಿಬ್ 2001ರಲ್ಲಿ ಬಂದಿದ್ದು, ಅದಕ್ಕೆ ಮುಂಚೆ ಈ ಕಾಯಿಲೆ ಕೆಲವೇ ವರ್ಷದಲ್ಲಿ ಜೋರಾಗಿಬಿಡ್ತಿತ್ತು. ಅದರ ದೊಡ್ಡ ಸ್ಟಡಿ ಐರಿಸ್‌ನಲ್ಲಿ ಇಮಾಟಿನಿಬ್ ಗುಂಪಿನ ಸುಮಾರು 83% ಜನ 10 ವರ್ಷ ಆದ್ಮೇಲೂ ಬದುಕಿದ್ರು. 2013ರಲ್ಲಿ ಸುಪ್ರೀಂ ಕೋರ್ಟು ಗ್ಲಿವೆಕ್‌ಗೆ (ಇಮಾಟಿನಿಬ್‌ನ ಕಂಪನಿ ಹೆಸರು) ಪೇಟೆಂಟ್ ಕೊಡಲ್ಲ ಅಂದಿದ್ದಕ್ಕೆ ನಮ್ಮಂಥೋರಿಗೆ ಕಮ್ಮಿ ರೇಟಿನ ಮಾತ್ರೆ ಸಿಗ್ತಾ ಇದೆ. ಊಟ ಆದ್ಮೇಲೆ ದೊಡ್ಡ ಲೋಟ ನೀರಲ್ಲಿ ತಗೊಳ್ಳಲಿ, ಕಣ್ಣ ಸುತ್ತ ಊತ, ಕಾಲು ಸೆಳೆತ ಇದ್ರೆ ಡಾಕ್ಟ್ರಿಗೆ ಹೇಳಲಿ, ತಾನಾಗೇ ಮಾತ್ರೆ ಬಿಡೋದು ಮಾತ್ರ ಬೇಡ.

ಲ್ಯಾಬ್_ಚಿಂತಾಮಣಿ:
ಲ್ಯಾಬಲ್ಲಿ ಕೆಲ್ಸ ಮಾಡೋಳು ನಾನು, ಡಾಕ್ಟ್ರಲ್ಲ. ಸಿಬಿಸಿ ಕಣಗಳ ಲೆಕ್ಕ ಅಷ್ಟೇ, ಅದು ನಾರ್ಮಲ್ ಆದ್ಮೇಲೂ ಕಾಯಿಲೆ ಕಣ ಬೇಕಾದಷ್ಟು ಉಳಿದಿರ್ತವೆ. ಹೊಲದಲ್ಲಿ ಗರಿಕೆ ಕೊಯ್ದ ಹಾಗೆ, ಮೇಲೆ ಕಾಣಲ್ಲ, ಬೇರು ಇರತ್ತೆ. ಪಿಸಿಆರ್ ಆ ಬೇರು ಎಷ್ಟಿದೆ ಅಂತ ಅಳೆಯೋದು. ಡಾಕ್ಟ್ರುಗಳು ನೋಡೋ ಗಡಿ ಹೀಗೆ: 3 ತಿಂಗಳಿಗೆ 10%ಗಿಂತ ಕಮ್ಮಿ, 6ಕ್ಕೆ 1%, 12ಕ್ಕೆ 0.1%. ನಿಮ್ಮಣ್ಣನ 8% ಸರಿ ಇತ್ತು, 2.4% ಎಚ್ಚರಿಕೆಯ ಜಾಗ, ಫೇಲ್ಯೂರ್ ಅಲ್ಲ. 10%ಗಿಂತ ಮೇಲಿದ್ದಿದ್ರೆ ಬೇರೆ ಮಾತು. ಇಳೀತಾ ಇದೆ ಅನ್ನೋದೂ ಒಳ್ಳೇದೇ. ಒಂದೇ ರಿಪೋರ್ಟ್ ನೋಡಿ ಹೆದರ್ಬೇಡಿ, ಮತ್ತೆ ಮಾಡ್ಸಿದಾಗ ಇಳೀದೇ ನಿಂತ್ರೆ ಅಥವಾ ಏರಿದ್ರೆ ಮ್ಯುಟೇಷನ್ ಟೆಸ್ಟ್ (ಕಾಯಿಲೆಯ ಜೀನ್ ಬದಲಾಗಿದ್ಯಾ ಅಂತ ನೋಡೋದು) ಮಾಡಿ ಡಾಸಾಟಿನಿಬ್, ನಿಲೋಟಿನಿಬ್ ತರದ ಮಾತ್ರೆಗೆ ಬದಲಾಯಿಸ್ತಾರೆ. ಪ್ರತಿ ಸಲ ಒಂದೇ ಲ್ಯಾಬಲ್ಲಿ ಮಾಡ್ಸಿ, ರಿಪೋರ್ಟಲ್ಲಿ ಐಎಸ್ ಅಂದ್ರೆ ಇಂಟರ್‌ನ್ಯಾಷನಲ್ ಸ್ಕೇಲ್ ಅಂತ ಇದ್ಯಾ ನೋಡಿ, ಅದಿಲ್ದೆ ಎರಡು ಲ್ಯಾಬಿನ ನಂಬರ್ ಹೋಲಿಸೋಕ್ಕಾಗಲ್ಲ. ಮುಂದೆ ಹೆಂಗಾಗತ್ತೆ ಅಂತ ತೂಗೋಕೆ ಮೊದ್ಲು ಸೋಕಲ್, ಇಎಲ್‌ಟಿಎಸ್ ಸ್ಕೋರ್ ಹಾಕಿರ್ತಾರೆ, ವಯಸ್ಸು, ಸ್ಪ್ಲೀನ್ ಸೈಜು, ಪ್ಲೇಟ್ಲೆಟ್, ಬ್ಲಾಸ್ಟ್ ಅಂದ್ರೆ ಬಲಿಯದ ಕಣ ನೋಡಿ, ಮಾತ್ರೆ ಶುರು ಮಾಡೋಕ್ ಮುಂಚಿನ ಲೆಕ್ಕ ಅದು. ಅದನ್ನ ಕೇಳಿ ಬರ್ಕೊಳ್ಳಿ. ಇನ್ನೊಂದು, ಮಾತ್ರೆ ದಿನಾ ತಗೋತಾ ಇದ್ದಾರಾ? ಇದನ್ನ ಮೊದ್ಲು ಕೇಳಿ.

ಶಿಡ್ಲಘಟ್ಟ_ರೇಷ್ಮೆ:
ಅಕ್ಕ, ಕೇಳ್ದೆ. ಹುಳ ಹಣ್ಣಾಗೋ ವಾರ ರಾತ್ರಿ ಹಗಲು ಕೆಲಸ, ಆಗ ಬಿಟ್ಟೋಗಿದೆಯಂತೆ, ವಾಂತಿ ಬರೋ ಹಂಗಾಗತ್ತೆ ಅಂತಲೂ ಕೆಲವು ದಿನ ಬಿಟ್ಟಿದ್ದಾನೆ. ಬಿಟ್ಟಿದ್ದಕ್ಕೆ ಮಾರನೇ ದಿನ ಎರಡು ಹಾಕ್ಲಾ?

ಲ್ಯಾಬ್_ಚಿಂತಾಮಣಿ:
ಬೇಡ ಬೇಡ, ಎರಡು ಒಟ್ಟಿಗೆ ಯಾವತ್ತೂ ಬೇಡ, ಮಾರನೇ ದಿನ ಎಂದಿನಂತೆ ಒಂದೇ. ಆದ್ರೆ ಬಿಟ್ಟಿದ್ದನ್ನ ಡಾಕ್ಟ್ರಿಗೆ ಮುಚ್ಚಿಡಬೇಡಿ, ಮಾತ್ರೆ ಕೆಲ್ಸ ಮಾಡ್ತಿಲ್ವಾ ಅಥವಾ ಹೊಟ್ಟೆಗೇ ಹೋಗ್ತಿಲ್ವಾ ಅನ್ನೋದು ಅವ್ರಿಗೆ ಗೊತ್ತಾಗ್ಬೇಕು, ಇಲ್ಲಾಂದ್ರೆ ಸುಮ್ನೆ ಮಾತ್ರೆ ಬದ್ಲಾಯಿಸ್ಬೋದು. ವಾಂತಿಗೆ ಬೇರೆ ಔಷಧ ಕೊಡ್ತಾರೆ. ಮುಂದಿನ ಪಿಸಿಆರ್ ಬೇಗ ಮಾಡ್ಸೋಣ್ವಾ ಅಂತ ಅವ್ರನ್ನೇ ಕೇಳಿ.

ಗೌರಿಬಿದನೂರಿನವ:
ನಾನು ಫೋನಲ್ಲಿ ಅಲಾರಾಂ ಇಟ್ಕೊಂಡಿದ್ದೀನಿ, ರಾತ್ರಿ ಊಟದ ಹೊತ್ತಿಗೆ. ಮಾತ್ರೆ ಡಬ್ಬಿ ಅತ್ತಿಗೆ ಕೈಲಿ ಕೊಡಿ ತಮ್ಮಾ, ಹುಳ ಹಣ್ಣಾಗೋ ವಾರ ಅವ್ರೇ ಎತ್ಕೊಡಲಿ. ಮುಂದಿನ ರಿಪೋರ್ಟ್ ಬಂದ್ಮೇಲೆ ಇಲ್ಲೇ ಹಾಕಿ, ಕಾಯ್ತಿರ್ತೀವಿ.