ಕ್ಯಾಂಪಸ್ ಪ್ಯಾಂಟ್ರಿಯಲ್ಲಿ ಅಕ್ಕಿ-ಬೇಳೆ ಎರಡೇ ಗಂಟೇಲಿ ಖಾಲಿ, ಡಬ್ಬಿಗಳು ಹಾಗೇ ಉಳೀತಾವೆ

ಸೇರು_ಪಾವು:
ಎಲ್ಲರಿಗೂ ನಮಸ್ಕಾರ. ಅಮೆರಿಕದ ಮಿಡ್‌ವೆಸ್ಟ್‌ನ ಒಂದು ಯೂನಿವರ್ಸಿಟಿಯ ಫುಡ್ ಪ್ಯಾಂಟ್ರಿಯನ್ನು (ಕಷ್ಟದಲ್ಲಿರೋ ವಿದ್ಯಾರ್ಥಿಗಳಿಗೆ ಪುಕ್ಕಟೆ ದಿನಸಿ ಕೊಡೋ ಜಾಗ) ಈ ಸೆಮಿಸ್ಟರ್‌ನಿಂದ ವಿದ್ಯಾರ್ಥಿಗಳೇ ನಡೆಸಬೇಕು. ಒಂದು ಫ್ರಿಜ್, ಒಂದು ಚೆಸ್ಟ್ ಫ್ರೀಜರ್ ಇದೆ. ವಾರಕ್ಕೆ ಸುಮಾರು 40 ಜನ ಬರ್ತಾರೆ, ಹೆಚ್ಚಿನವರು ನಮ್ಮ ಕಡೆಯ ಎಂ.ಎಸ್. ಓದುವವರು. ದಾನ ಬಂದ ಸೂಪು, ಬೀನ್ಸ್ ಡಬ್ಬಿ ಯಾರೂ ಮುಟ್ಟಲ್ಲ. ಮೂಟೆ ತಂದು ಚಿಕ್ಕ ಪೊಟ್ಟಣ ಕಟ್ಟಬಹುದಾ? ಹುಳ ಬರದ ಹಾಗೆ ಹೇಗಿಡೋದು? ಎಫ್-1 ವೀಸಾಗೆ (ಓದೋಕೆ ಬಂದವರ ವೀಸಾ) ತೊಂದರೆ ಆಗುತ್ತೆ ಅಂತ ಹೆದರಿ ಬಾರದವರಿಗೆ ಏನು ಹೇಳೋದು?

ಕಾಳುಕಡ್ಡಿ:
ಡಬ್ಬಿ ಉಳಿಯೋದಕ್ಕೆ ರುಚಿಗಿಂತ ಅನುಮಾನವೇ ಕಾರಣ. ರಿಫ್ರೈಡ್ ಬೀನ್ಸ್‌ನಲ್ಲಿ ಹಂದಿ ಕೊಬ್ಬು ಇರಬಹುದು, ತರಕಾರಿ ಸೂಪ್ ಅಂತ ಬರೆದಿದ್ದರಲ್ಲೂ ಕೋಳಿ ಅಥವಾ ದನದ ಮಾಂಸದ ಸಾರು ಇರಬಹುದು, ಮಾರ್ಷ್‌ಮ್ಯಾಲೋ ಮಿಠಾಯಿಯಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್. ಸಾಮಾನು ಒಳಗೆ ತಗೊಳ್ಳುವಾಗಲೇ ಒಬ್ಬರು ಕೂತು ಪದಾರ್ಥಗಳ ಪಟ್ಟಿ ಓದಿ, ಪೂರ್ತಿ ಸಸ್ಯಾಹಾರಿ ಇದ್ದದ್ದಕ್ಕೆ ಹಸಿರು ಸ್ಟಿಕರ್ ಅಂಟಿಸಲಿ. ಕಡಲೆಕಾಳು, ರಾಜ್ಮಾ, ಟೊಮೇಟೊ ಡಬ್ಬಿ ತಾನಾಗೇ ಖರ್ಚಾಗುತ್ತೆ.

ಉಬ್ಬಿದ ಡಬ್ಬಿ, ಅಂಚಿನ ಜೋಡಣೆ ಮೇಲೆ ನೆಗ್ಗಿದ್ದು, ಸೋರುವುದು ಸೀದಾ ಕಸಕ್ಕೆ, ತೆರೆದು ನೋಡೋದು ಬೇಡ. ಬೆಸ್ಟ್ ಬೈ ತಾರೀಕು ಗುಣಮಟ್ಟದ್ದು, ದಾಟಿದ ತಕ್ಷಣ ಹಾಳಾಯ್ತು ಅಂತಲ್ಲ. ಹಸುಗೂಸುಗಳಿಗೆ ಕೊಡೋ ಫಾರ್ಮುಲಾ ಹಾಲು ಮಾತ್ರ ತಾರೀಕು ಮುಗಿದ ಮೇಲೆ ಕೊಡಲೇಬಾರದು.

ಮೂಟೆ_ಲೆಕ್ಕ:
ಪೊಟ್ಟಣ ಕಟ್ಟೋಕೆ ಮುಂಚೆ ನಿಮ್ಮ ಫುಡ್ ಬ್ಯಾಂಕ್ (ಪ್ಯಾಂಟ್ರಿಗಳಿಗೆ ಸಾಮಾನು ಹಂಚೋ ಸಂಸ್ಥೆ) ಒಪ್ಪುತ್ತಾ ಕೇಳಿ. ಎಷ್ಟೋ ಕಡೆ ತೊಳೆಯುವ ಸಿಂಕ್ ಇರುವ ಒಪ್ಪಿತ ಅಡುಗೆಮನೆಯಲ್ಲೇ ಕಟ್ಟಬೇಕು ಅನ್ನುತ್ತಾರೆ. 20 ಪೌಂಡ್ ಅಕ್ಕಿ ಮೂಟೆಗೆ 2 ಪೌಂಡಿನ 10 ಪೊಟ್ಟಣ, ಅಂದರೆ 40 ಜನಕ್ಕೆ 4 ಮೂಟೆ. ತೊಗರಿಬೇಳೆ ತಲೆಗೆ 1 ಪೌಂಡ್. ಕಪ್‌ನಲ್ಲಿ ಅಳೀಬೇಡಿ, ತಕ್ಕಡಿ ಇಡಿ. ಸಾಲಲ್ಲಿ ನಿಂತವರ ಕಣ್ಣಿಗೆ ಒಬ್ಬರದು ಜಾಸ್ತಿ ಕಂಡರೆ ಬೇಜಾರಾಗುತ್ತೆ.

ಪ್ರತಿ ಪೊಟ್ಟಣದ ಮೇಲೆ ಹೆಸರು, ಕಟ್ಟಿದ ದಿನ, ಮೂಟೆಯ ಲಾಟ್ ನಂಬರ್ (ಯಾವ ಕಂತಿನ ಮಾಲು ಅಂತ ತಿಳಿಸೋ ಸಂಖ್ಯೆ) ಬರೀರಿ. ಕಂಪನಿ ಮಾಲು ವಾಪಸ್ ಕರೆದಾಗ ಲಾಟ್ ನಂಬರ್ ಇಲ್ಲದಿದ್ದರೆ ಎಲ್ಲಾ ಎಸೀಬೇಕಾಗುತ್ತೆ. ಗೋಧಿ, ಶೇಂಗಾ ಥರದ ಅಲರ್ಜಿ ಪದಾರ್ಥಗಳನ್ನೂ ನಮೂದಿಸಿ, 2023ರಿಂದ ಎಳ್ಳೂ ಆ ಪಟ್ಟಿಯಲ್ಲಿದೆ. ಪುಡಿ ಇಂಗನ್ನು ಬಿಡಿಸಿ ಕಟ್ಟಬೇಡಿ, ಅದರಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆತಿರುತ್ತೆ.

ಹುಳಕ್ಕೆ: ಮೊಟ್ಟೆ ಕಾಳಿನೊಳಗೇ ಬಂದಿರುತ್ತೆ, ಹೊರಗಿನ ಶುಚಿತ್ವ ಒಂದೇ ಸಾಲದು. ಪೊಟ್ಟಣಗಳನ್ನು ಫ್ರೀಜರ್‌ನಲ್ಲಿ 0 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ (ಸುಮಾರು ಮೈನಸ್ 18 ಸೆಲ್ಸಿಯಸ್) 4 ದಿನ ಇಡಿ. ತೆಗೆದ ಮೇಲೆ ಕೋಣೆಯ ಬಿಸಿಗೆ ಬರುವ ತನಕ ಪೊಟ್ಟಣ ಬಿಚ್ಚಬಾರದು. ಬಿಚ್ಚಿದರೆ ತಣ್ಣನೆ ಕಾಳಿನ ಮೇಲೆ ನೀರು ಕೂತು ಬೂಸ್ಟು ಹಿಡಿಯುತ್ತೆ. ಆಮೇಲೆ ಬಿಗಿ ಮುಚ್ಚಳದ ಡಬ್ಬ, ನೆಲದಿಂದ 6 ಇಂಚು ಮೇಲೆ. ಮನೇಲಿ ಹಾಕೋ ಹಾಗೆ ಬೇವಿನ ಸೊಪ್ಪು ಹಾಕಬೇಡಿ, ಬೇರೆಯವರ ಅನ್ನಕ್ಕೆ ಅದು ಹೋಗಬಾರದು.

ಹೊರನಾಡು_ಹಂಡೆ:
ವೀಸಾ ವಿಷಯ. ಎಫ್-1ನವರಿಗೆ ಸಿಗದೇ ಇರೋದು ಸ್ನ್ಯಾಪ್, ಅಂದರೆ ಕಡಿಮೆ ಆದಾಯದವರಿಗೆ ದಿನಸಿ ಕೊಳ್ಳೋಕೆ ಸರ್ಕಾರ ಕೊಡೋ ನೆರವು. ದಾನದಿಂದ ನಡೆಯೋ ಕಾಲೇಜು ಪ್ಯಾಂಟ್ರಿ ಅದಲ್ಲ. 1993ರಲ್ಲೇ ಮಿಚಿಗನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ವಿದ್ಯಾರ್ಥಿಗಳು ತಮ್ಮವರಿಗೋಸ್ಕರ ಇಂಥದ್ದನ್ನು ಶುರು ಮಾಡಿದರು. ಆದರೆ ಫುಡ್ ಬ್ಯಾಂಕ್‌ನಿಂದ ಟೆಫ್ಯಾಪ್ (ತುರ್ತು ಆಹಾರ ನೆರವಿನ ಯೋಜನೆ) ಸಾಮಾನು ಬಂದರೆ ಅದು ಕೇಂದ್ರ ಸರ್ಕಾರದ್ದು, ಆದಾಯದ ಫಾರ್ಮ್ ಇರುತ್ತೆ. ಅದಕ್ಕೆ ಬೇರೆ ಕಪಾಟು, ಬೇರೆ ಪುಸ್ತಕ ಮಾಡಿ. ಉಳಿದದ್ದಕ್ಕೆ ಐಡಿ ಕಾರ್ಡ್ ನೋಡಿದರೆ ಸಾಕು, ಹೆಸರು ಬರೆದುಕೊಳ್ಳೋದು ಬೇಡ. ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಆಫೀಸಿನಿಂದ ಬರಹದಲ್ಲಿ ಉತ್ತರ ತರಿಸಿ ಬಾಗಿಲಿಗೆ ಅಂಟಿಸಿ. ನಮ್ಮ ಹುಡುಗರು ಬಾಯಿಮಾತು ನಂಬಲ್ಲ, ಅವರನ್ನು ದೂರೋಕೂ ಆಗಲ್ಲ.

ಚೀಲ ತುಂಬಿ ಕೈಗೆ ಕೊಡೋ ಬದಲು ಅವರೇ ಆರಿಸಿಕೊಳ್ಳಲಿ. ಡಾರ್ಮ್‌ನಲ್ಲಿ (ಹಾಸ್ಟೆಲ್) ಮೈಕ್ರೋವೇವ್ ಮಾತ್ರ ಇರುವವರಿಗೆ ಬೇಳೆ ಕೊಟ್ಟು ಏನು ಪ್ರಯೋಜನ? ಅವರಿಗೆ ತೆಳು ಅವಲಕ್ಕಿ ಇಡಿ, ನೀರು ಚಿಮುಕಿಸಿ ಮೊಸರು ಕಲೆಸಿದರೆ ಊಟ ಆಯ್ತು. ಥ್ಯಾಂಕ್ಸ್‌ಗಿವಿಂಗ್, ಚಳಿಗಾಲದ ರಜೆಗೆ ಡೈನಿಂಗ್ ಹಾಲ್ ಮುಚ್ಚುತ್ತೆ, ಹಿಂದಿನ ವಾರ ಎರಡು ಪಾಲು ಕೊಡಿ.

ಸೇರು_ಪಾವು:
ತುಂಬಾ ಉಪಕಾರ ಆಯ್ತು. 4 ಮೂಟೆ ಒಟ್ಟಿಗೆ ಫ್ರೀಜರ್‌ಗೆ ಹಿಡಿಸಲ್ಲ, ಏನ್ ಮಾಡ್ಲಿ?

ಮೂಟೆ_ಲೆಕ್ಕ:
ಮೂಟೆ ಇಡಬೇಡಿ, ನಡುವಿನ ಅಕ್ಕಿಗೆ ಚಳಿ ತಾಗೋಕೆ ತುಂಬಾ ಹೊತ್ತು ಬೇಕು. ಮೊದಲು 2 ಪೌಂಡಿನ ಪೊಟ್ಟಣ ಕಟ್ಟಿ, ಚಪ್ಪಟೆ ಮಾಡಿ ಒಂದರ ಮೇಲೊಂದು ಜೋಡಿಸಿ. ಸೋಮವಾರ 20 ಹಾಕಿ ಶುಕ್ರವಾರ ತೆಗೀರಿ, ಅವತ್ತೇ ಉಳಿದ 20 ಹಾಕಿ.