ಉಂಗುರ ಕಂಡಿದೆ, ಅದು ಸೂಪರ್‌ನೋವಾ ಅವಶೇಷ ಅಂತ ಹೇಗೆ ಹೇಳೋದು?

ಪ್ರಶ್ನೆ: ನಾನು ಎಂಎಸ್ಸಿ ಭೌತಶಾಸ್ತ್ರ ಕೊನೆಯ ಸೆಮಿಸ್ಟರ್ ವಿದ್ಯಾರ್ಥಿನಿ. ಪ್ರಾಜೆಕ್ಟ್‌ಗಾಗಿ ಪುಣೆ ಬಳಿಯ ಜಿಎಂಆರ್‌ಟಿ ರೇಡಿಯೊ ದೂರದರ್ಶಕದ 150 ಮೆಗಾಹರ್ಟ್ಸ್ ಸಮೀಕ್ಷೆಯ ಚಿತ್ರಗಳನ್ನು ನೋಡುತ್ತಿದ್ದಾಗ, ಆಕಾಶಗಂಗೆಯ ಪಟ್ಟಿಯೊಳಗೆ ಸುಮಾರು 20 ಆರ್ಕ್‌ಮಿನಿಟ್ (ಡಿಗ್ರಿಯ ಮೂರನೇ ಒಂದು ಭಾಗ) ಅಗಲದ ಮಸುಕು ಉಂಗುರ ಸಿಕ್ಕಿತು. ಗೊತ್ತಿರುವ ಸೂಪರ್‌ನೋವಾ ಅವಶೇಷಗಳ, ಅಂದರೆ ಸ್ಫೋಟಿಸಿದ ನಕ್ಷತ್ರಗಳ ಉಳಿಕೆಗಳ, ಗ್ರೀನ್ ಅವರ ಪಟ್ಟಿಯಲ್ಲಿ ಅದಿಲ್ಲ. ಮುಂದೆ ಏನು ಮಾಡಲಿ? ಈ ಕೆಲಸ ಮಾಡಿದವರು ಅನುಭವ ಹೇಳಿ.

ಉತ್ತರ 1: ಗ್ರೀನ್ ಪಟ್ಟಿಯಲ್ಲಿರೋದು ಸುಮಾರು 300 ಅವಶೇಷ. ನಮ್ಮ ಗ್ಯಾಲಕ್ಸಿಯಲ್ಲಿ ಸಾವಿರಕ್ಕೂ ಹೆಚ್ಚು ಇರಬೇಕು ಅನ್ನೋದು ಲೆಕ್ಕಾಚಾರ. ಹಾಗಾಗಿ ನಿಮಗೆ ಹೊಸದು ಸಿಕ್ಕಿರಬಹುದು, ಖಂಡಿತ. ಆದರೆ ಆಕಾರ ನೋಡಿ ನಂಬಬೇಡಿ. ಬಿಸಿ ನಕ್ಷತ್ರಗಳ ಸುತ್ತಲಿನ ಅಯಾನೀಕೃತ ಹೈಡ್ರೋಜನ್ ಮೋಡವೂ ಥೇಟ್ ಹೀಗೇ ಕಾಣುತ್ತೆ.

ಮೊದಲು ಎರಡು ಆವರ್ತನಗಳಲ್ಲಿ ಫ್ಲಕ್ಸ್ (ನಮಗೆ ತಲುಪುವ ಒಟ್ಟು ಹೊಳಪು) ಅಳೆಯಿರಿ. ಅವಶೇಷದ ರೇಡಿಯೊ ಹೊಳಪು ಕಾಂತಕ್ಷೇತ್ರದಲ್ಲಿ ಸುತ್ತುವ ಅತಿವೇಗದ ಎಲೆಕ್ಟ್ರಾನುಗಳಿಂದ ಬರೋದು, ಆವರ್ತನ ಏರಿದಂತೆ ಅದು ಇಳಿಯುತ್ತೆ. 150 ಮೆಗಾಹರ್ಟ್ಸ್‌ನಲ್ಲಿ 3 ಜಾನ್‌ಸ್ಕಿ (ಫ್ಲಕ್ಸ್‌ನ ಮಾನ) ಇದ್ದರೆ 1400ರಲ್ಲಿ ಹೆಚ್ಚುಕಡಿಮೆ 1, ಅಂದರೆ ಇಳಿಕೆ ಎಷ್ಟು ಕಡಿದು ಅಂತ ಹೇಳುವ ಸ್ಪೆಕ್ಟ್ರಲ್ ಇಂಡೆಕ್ಸ್ -0.5ರ ಆಸುಪಾಸು. ಮೋಡದ್ದಾದರೆ ಬಹುತೇಕ ಸಮತಟ್ಟು.

ಇಲ್ಲೇ ನಾನು ಎಡವಿದ್ದು. ನಿಮ್ಮ ಹಾಗೇ 150ರ ಚಿತ್ರ ಹಿಡಿದುಕೊಂಡು, ಅದರ ಪಕ್ಕ ಅಮೆರಿಕದ ವಿಎಲ್‌ಎ ಆಂಟೆನಾ ಸಮೂಹದ ಎನ್‌ವಿಎಸ್‌ಎಸ್ ಸಮೀಕ್ಷೆಯ 1400 ಮೆಗಾಹರ್ಟ್ಸ್ ಚಿತ್ರ ಇಟ್ಟೆ. 2.6 ಮತ್ತು 1.1 ಜಾನ್‌ಸ್ಕಿ ಬಂತು, ಇಂಡೆಕ್ಸ್ -0.4. ಮೂರು ವಾರ ಅದನ್ನೇ ನಂಬಿ ಬರೆದೆ. ಆಮೇಲೆ ಜರ್ಮನಿಯ ಎಫೆಲ್ಸ್‌ಬರ್ಗ್‌ನ 100 ಮೀಟರ್ ಒಂಟಿ ಡಿಶ್ ತೆಗೆದ ಹಳೇ ನಕ್ಷೆಯಲ್ಲಿ ಅಳೆದರೆ 1400ರಲ್ಲೂ 2.5 ಜಾನ್‌ಸ್ಕಿ, ಬಹುತೇಕ ಸಮತಟ್ಟು! ಆಂಟೆನಾಗಳನ್ನು ಜೋಡಿಸಿ ಚಿತ್ರ ತೆಗೆದಾಗ ತುಂಬಾ ಹರಡಿದ ಹೊಳಪು ಸೋರಿಹೋಗುತ್ತೆ. ಎನ್‌ವಿಎಸ್‌ಎಸ್‌ಗೆ 15 ಆರ್ಕ್‌ಮಿನಿಟ್ ದಾಟಿದ್ದು ಪೂರ್ತಿ ದಕ್ಕಲ್ಲ. ಜಿಎಂಆರ್‌ಟಿಯ 30 ಆಂಟೆನಾಗಳಲ್ಲಿ 14 ಮಧ್ಯದ ಒಂದು ಕಿಲೋಮೀಟರ್ ಚೌಕದಲ್ಲೇ ಇವೆ, ತರಂಗವೂ ಎರಡು ಮೀಟರ್ ಉದ್ದದ್ದು, ಅದಕ್ಕೇ ಅಲ್ಲಿ ಹೊಳಪು ಉಳಿದಿತ್ತು. ನನ್ನ 'ಅವಶೇಷ' ಬರೀ ಮೋಡ. ನಿಮ್ಮದು 20 ಆರ್ಕ್‌ಮಿನಿಟ್, ದಯವಿಟ್ಟು ಒಂಟಿ ಡಿಶ್‌ನ ಅಳತೆ ಇಲ್ಲದೆ ಇಂಡೆಕ್ಸ್ ಬರೆಯಬೇಡಿ.

ಜೊತೆಗೆ ಅವಕೆಂಪು ನೋಡಿ. ವೈಸ್ ಉಪಗ್ರಹದ 22 ಮೈಕ್ರಾನ್ ಚಿತ್ರ ಸಾಕು, ಮನೇಲಿ ಕೂತು ಅಲಾದಿನ್ ಅನ್ನೋ ಆಕಾಶ ನಕ್ಷೆಯ ತಂತ್ರಾಂಶದಲ್ಲಿ ತೆರೆಯಬಹುದು. ಮೋಡದಲ್ಲಿ ಬೆಚ್ಚಗಾದ ದೂಳು ಜೋರಾಗಿ ಹೊಳೆಯುತ್ತೆ. ರೇಡಿಯೊದಲ್ಲಿ ಉಂಗುರ ಇದ್ದು ಅವಕೆಂಪಿನಲ್ಲಿ ಆ ಜಾಗ ಖಾಲಿ ಇದ್ದರೆ ಒಳ್ಳೇ ಸೂಚನೆ. ಮೊದಲೇ ಇದನ್ನು ಮಾಡಿದ್ದರೆ ನನ್ನ ಮೂರು ವಾರ ಉಳಿಯುತ್ತಿತ್ತು.

ಉತ್ತರ 2: ನಾನು ಎಕ್ಸ್‌ರೇ ಕಡೆಯವಳು. ಸ್ಫೋಟದ ಆಘಾತದ ಅಲೆ ಅನಿಲವನ್ನು ಕೋಟಿ ಡಿಗ್ರಿವರೆಗೂ ಕಾಯಿಸುತ್ತೆ, ಅದರಿಂದ ಬರುವ ರೋಹಿತದಲ್ಲಿ ಧಾತುಗಳ ಗೆರೆ ಸಿಗುತ್ತೆ. ಇಸ್ರೋದ ಎಕ್ಸ್‌ಪೋಸ್ಯಾಟ್ ಉಪಗ್ರಹದ ಎಕ್ಸ್‌ಸ್ಪೆಕ್ಟ್ ಉಪಕರಣ, ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದವರು ಮಾಡಿದ್ದು, 2024ರ ಜನವರಿ 5ರಂದು ಮೊದಲು ನೋಡಿದ್ದೇ ಕ್ಯಾಸಿಯೋಪಿಯಾ ಎ ಅವಶೇಷವನ್ನು. ಮೆಗ್ನೀಷಿಯಂ, ಸಿಲಿಕಾನ್, ಗಂಧಕ, ಆರ್ಗಾನ್, ಕ್ಯಾಲ್ಸಿಯಂ, ಕಬ್ಬಿಣ, ಎಲ್ಲದರ ಗೆರೆಗಳೂ ಬಂದವು. ಆ ಗ್ರಾಫ್ ನೋಡಿದ ದಿನ ನನಗೆ ಎಷ್ಟು ಖುಷಿಯಾಗಿತ್ತು ಅಂದರೆ, ಇವತ್ತಿಗೂ ಅದು ನನ್ನ ಮೇಜಿನ ಎದುರಿನ ಗೋಡೆ ಮೇಲಿದೆ.

ಗೆರೆ ಇಲ್ಲದಿದ್ದರೂ ತಳ್ಳಿಹಾಕಬೇಡಿ. 1006ರ ಸೂಪರ್‌ನೋವಾದ ಅವಶೇಷದ ಅಂಚುಗಳಲ್ಲಿ ಎಕ್ಸ್‌ರೇ ಕೂಡ ಆ ಅತಿವೇಗದ ಎಲೆಕ್ಟ್ರಾನುಗಳದ್ದೇ. ಎಕ್ಸ್‌ರೇಯೇ ಕಾಣದಿದ್ದರೂ ನಿರಾಶೆ ಬೇಡ. ಆಕಾಶಗಂಗೆಯ ಪಟ್ಟಿಯಲ್ಲಿ ನಡುವಿನ ಅನಿಲ ಕಡಿಮೆ ಶಕ್ತಿಯ ಎಕ್ಸ್‌ರೇಯನ್ನು ನುಂಗಿಬಿಡುತ್ತೆ. ಪಟ್ಟಿಯಿಂದ ದೂರ ಹೋದರೆ ಕಥೆ ಉಲ್ಟಾ: ಹೊಯಿಂಗಾ ಅವಶೇಷವನ್ನು 2021ರಲ್ಲಿ ಇರೋಸಿಟಾ ದೂರದರ್ಶಕ ಎಕ್ಸ್‌ರೇಯಲ್ಲೇ ಹಿಡಿದಿದ್ದು. ಸುಮಾರು 4.4 ಡಿಗ್ರಿ ಅಗಲ! ಆಮೇಲೆ ಹುಡುಕಿದರೆ ಹಳೇ ರೇಡಿಯೊ ದತ್ತಾಂಶದಲ್ಲೂ ಅದು ಇತ್ತು.

ಚಂದ್ರಾ, ಎಕ್ಸ್‌ಎಂಎಂ, ಆಸ್ಟ್ರೋಸ್ಯಾಟ್ ಮೂರೂ ಎಕ್ಸ್‌ರೇ ಉಪಗ್ರಹಗಳ ದತ್ತಾಂಶ ಭಂಡಾರ ಮುಕ್ತ. ಯಾರೋ ಬೇರೆ ನಕ್ಷತ್ರಕ್ಕೆ ಗುರಿ ಇಟ್ಟ ಚಿತ್ರದ ಮೂಲೆಯಲ್ಲಿ ನಿಮ್ಮ ಉಂಗುರ ಬಿದ್ದಿರಬಹುದು.

ಉತ್ತರ 3: ಹಳೇ ಚಿತ್ರಗಳ ಮಾತಿಗೆ ಒಂದು ಸೇರಿಸ್ತೀನಿ. ಜಿ1.9+0.3 ಅನ್ನೋ ಪುಟ್ಟ ಅವಶೇಷದ 1985ರ ವಿಎಲ್‌ಎ ಚಿತ್ರದ ಪಕ್ಕ 2007ರ ಚಂದ್ರಾ ಚಿತ್ರ ಇಟ್ಟಾಗ ಅದು ಸುಮಾರು 16% ಹಿಗ್ಗಿತ್ತು. ಮರುವರ್ಷ ವಿಎಲ್‌ಎ ಮತ್ತೆ ನೋಡಿ ಖಚಿತಪಡಿಸಿತು. ನಮ್ಮ ಗ್ಯಾಲಕ್ಸಿಯಲ್ಲಿ ಗೊತ್ತಿರುವ ಅತಿ ಕಿರಿಯ ಅವಶೇಷ ಅದೇ. ನಿಮ್ಮದರಲ್ಲಿ ಹಿಗ್ಗೋದು ಕಾಣಲಿಕ್ಕಿಲ್ಲ, ರೇಡಿಯೊ ಧ್ರುವೀಕರಣ (ತರಂಗಗಳು ಒಂದೇ ದಿಕ್ಕಿನಲ್ಲಿ ಕಂಪಿಸೋದು) ಮಾತ್ರ ತಪ್ಪದೆ ನೋಡಿ. ಮೋಡದ ಸ್ವಂತ ಹೊಳಪಿಗೆ ಅದಿರಲ್ಲ.

ಪ್ರಶ್ನೆ ಕೇಳಿದವಳು: ಎಲ್ಲರಿಗೂ ತುಂಬಾ ಧನ್ಯವಾದ. ರಾತ್ರಿಯೇ 22 ಮೈಕ್ರಾನ್ ಚಿತ್ರ ತೆರೆದೆ. ಉಂಗುರದ ಜಾಗ ಖಾಲಿ, ಕೈ ನಡುಗಿತು! ಆದರೆ ದಕ್ಷಿಣದ ಅಂಚಲ್ಲಿ ಒಂದು ಪ್ರಕಾಶಮಾನ ತುಂಡಿದೆ, ಅದು ವೈಸ್‌ನ ಮೋಡಗಳ ಪಟ್ಟಿಯಲ್ಲಿ ಆಗಲೇ ಇದೆ. ಆ ತುಂಡನ್ನು ಬಿಟ್ಟು ಫ್ಲಕ್ಸ್ ಮತ್ತೆ ಅಳೆಯುತ್ತೇನೆ, ಈ ಸಲ ಎಫೆಲ್ಸ್‌ಬರ್ಗ್ ನಕ್ಷೆ ಇಟ್ಟುಕೊಂಡು.